ಸೆಂಚುರಿಯ ಪೆಟ್ಟಿಗೆ

ಪೇಸ್‌ಮೇಕರ್ ಓದುವ ಮಿಷನ್ನಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅದರ ವೈರು ಸುತ್ತಿಕೊಳ್ಳಲು ಕೈ ಚಾಚಿದ್ದಳಷ್ಟೆ, ಪರದೆ ಬೆಳಗಿತು. ಹುಡುಕಾಟದ ಪುಟ್ಟ ಚಕ್ರ ಎರಡು ಸುತ್ತು ತಿರುಗಿ ನಿಂತು, ಒಬ್ಬ ಹುಡುಗಿಯ ಹೆಸರು ಬಂತು, ಹುಟ್ಟಿದ ದಿನ ಬಂತು, ಅದರ ಕೆಳಗೆ ಬ್ಯಾಟರಿ ಇನ್ನೂ ಏಳು ವರ್ಷ ಬಾಳುತ್ತದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಹುಡುಗಿ ಸತ್ತು ಹದಿನಾಲ್ಕು ತಿಂಗಳಾಗಿತ್ತು.

ಪೆಟ್ಟಿಗೆ ಅಕ್ಕ ಬಿಸಿ ಪಾತ್ರೆ ಮುಟ್ಟಿದವಳಂತೆ ಬಿಲ್ಲೆಯನ್ನು ಸರಕ್ಕನೆ ಎತ್ತಿಕೊಂಡಳು. ತಪ್ಪು ಅವಳದೇ. ಮೇಜಿನ ಎಡತುದಿಗೆ ಅದನ್ನು ಇಡಬಾರದು ಅಂತ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ. ಆ ಹಲಗೆಯ ಕೆಳಗೇ ಡ್ರಾಯರು, ಡ್ರಾಯರಿನಲ್ಲಿ ಕಾಗದದ ಕಟ್ಟು, ಕಟ್ಟಿನ ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ಆ ಹುಡುಗಿಯ ಪೇಸ್‌ಮೇಕರ್. ತಂತಿ ಕತ್ತರಿಸಿ, ತೊಳೆದು ಒರೆಸಿ ಇಟ್ಟಿದ್ದರೂ, ಕೆಲಸ ಮುಗಿಯಿತು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ನಿಮಿಷಕ್ಕೆ ಎಪ್ಪತ್ತು ಸಲ ತನ್ನ ಪಾಡಿಗೆ ತಾನು ಮಿಡಿತ ಕಳಿಸುತ್ತಲೇ ಇತ್ತು. ಕತ್ತಲಲ್ಲಿ, ಯಾರಿಗೂ ಅಲ್ಲದ ಮಿಡಿತ.

ಹೀಗೆ ದೇಹದಿಂದ ಹೊರಬಂದ ಪೆಟ್ಟಿಗೆಯನ್ನು ತಯಾರಿಸಿದ ಕಂಪನಿಗೆ ವಾಪಸು ಕಳಿಸಬೇಕು ಅನ್ನುವುದು ನಿಯಮ. ಜೊತೆಗೊಂದು ನಮೂನೆ. ಅದನ್ನವಳು ಆವತ್ತೇ ತುಂಬಿದ್ದಳು. ತೆಗೆದ ಕಾರಣ: ರೋಗಿಯ ಮರಣ. ಉಪಕರಣದಲ್ಲಿ ದೋಷ: ಇಲ್ಲ. ಆ 'ಇಲ್ಲ' ಬರೆದ ಮೇಲೆ ಸಹಿ ಹಾಕಲು ಕೈ ಏಳಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಂಡಳು. ಹದಿನಾಲ್ಕು ತಿಂಗಳಲ್ಲಿ ಎಷ್ಟೊಂದು ನಾಳೆಗಳು ಬಂದು ಹೋದವು.

ಇಪ್ಪತ್ತಾರು ವರ್ಷದಿಂದ ಅವಳದು ಇದೇ ಕೆಲಸ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ಕೇಳಿಸುವುದಿಲ್ಲ. ಮೇಲಿನವರು ಕೂಗುತ್ತಲೇ ಇರುತ್ತಾರೆ, ಕೆಳಗಿನವರು ತಮ್ಮದೇ ನಿಧಾನದಲ್ಲಿ ಇರುತ್ತಾರೆ. ಅಂಥ ಮಗುವಿನ ಹೊಟ್ಟೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯಿಟ್ಟು, ಅದರ ತಂತಿಯನ್ನು ಹೃದಯದ ಮೇಲೆ ಹೊಲಿಯುತ್ತಾರೆ. ಹೊಲಿಯುವವರು ದೊಡ್ಡ ಡಾಕ್ಟರು. ಹೊಲಿಯುವ ಮುಂಚೆ ಆ ಜಾಗ ಎಷ್ಟು ಕಡಿಮೆ ಕರೆಂಟಿಗೆ ಓಗೊಡುತ್ತದೆ ಅಂತ ಅಳೆದು ನಂಬರ್ ಹೇಳುವವಳು ಇವಳು. ನಂಬರ್ ಕಡಿಮೆಯಿದ್ದಷ್ಟೂ ಒಳ್ಳೆಯದು, ಬ್ಯಾಟರಿ ಬಹಳ ವರ್ಷ ಬರುತ್ತದೆ. ಆಮೇಲೆ ಆರಾರು ತಿಂಗಳಿಗೊಮ್ಮೆ ಬಿಲ್ಲೆಯನ್ನು ಮಗುವಿನ ಹೊಟ್ಟೆಯ ಮೇಲಿಟ್ಟು ಪೆಟ್ಟಿಗೆಯ ಕ್ಷೇಮಸಮಾಚಾರ ವಿಚಾರಿಸುವವಳೂ ಇವಳೇ. ಮಕ್ಕಳು ಪೆಟ್ಟಿಗೆ ಅಕ್ಕ ಅಂದರು, ಆಸ್ಪತ್ರೆಯೂ ಅದನ್ನೇ ಹಿಡಿಯಿತು. ಅವಳಿಗಿಂತ ಎಂಟು ವರ್ಷ ಹಿರಿಯರಾದ ದೊಡ್ಡ ಡಾಕ್ಟರೂ ಅಕ್ಕ ಎಂದೇ ಕರೆಯುತ್ತಿದ್ದರು.

ಸತ್ತ ಹುಡುಗಿಗೆ ಸೆಂಚುರಿ ಅಂತ ಅಡ್ಡಹೆಸರಿಟ್ಟವಳೂ ಅವಳೇ. ಮಾತು ಬಂದಾಗಿನಿಂದ ಆ ಹುಡುಗಿ ಬೆಂಚಿನ ಮೇಲೆ ಮಲಗಿ, ಲಂಗವನ್ನು ತಾನೇ ಸರಿಸಿ, "ನನ್ನ ಪೆಟ್ಟಿಗೆಗೆ ಎಷ್ಟು ಮಾರ್ಕ್ಸು?" ಎಂದು ಕೇಳುತ್ತಿದ್ದಳು. ಅಕ್ಕ ಪರದೆ ನೋಡಿ, ಬೇಕಂತಲೇ ಸ್ವಲ್ಪ ಸತಾಯಿಸಿ, "ನೂರಕ್ಕೆ ನೂರು" ಅನ್ನುತ್ತಿದ್ದಳು. ಅದು ಸುಳ್ಳೇನೂ ಅಲ್ಲ. ನಂಬರ್ ಮೊದಲ ದಿನ ಪಾಯಿಂಟ್ ಐದು ಇದ್ದದ್ದು ಒಂಬತ್ತು ವರ್ಷವೂ ಪಾಯಿಂಟ್ ಐದೇ. ತಂತಿ ಗಟ್ಟಿ, ಬ್ಯಾಟರಿ ಗಟ್ಟಿ. ಮಗುವಿನ ತಪಾಸಣೆ ಪುಸ್ತಕದ ಮೇಲೆ ಅವಳು 'ಸರಿಯಿದೆ' ಅನ್ನುವ ಹಸಿರು ಸೀಲು ಒತ್ತಿದರೆ ನೆಟ್ಟಗೆ ಮನೆಗೆ ಹೋಗಬಹುದಿತ್ತು. ಸೀಲು ಬೀಳದವರು ಮಾತ್ರ ಮೂರನೇ ಮಹಡಿಗೆ ಹತ್ತಿ, ಹೃದಯದ ಸ್ಕ್ಯಾನಿಗೆ ಅರ್ಧ ದಿನ ಸಾಲಿನಲ್ಲಿ ಕೂರಬೇಕಿತ್ತು. ಬಸ್ ಓಡಿಸುವ ಅಪ್ಪ ರಜೆ ಹಾಕಿ ಕರೆತಂದ ಮಗುವನ್ನು ಸುಮ್ಮನೆ ಯಾಕೆ ಕಾಯಿಸಬೇಕು? ಅಕ್ಕ ಸೀಲು ಒತ್ತುತ್ತಿದ್ದಳು. ಎಲ್ಲರಿಗೂ ಹಾಗೆಯೇ ಒತ್ತುತ್ತಿದ್ದಳು.

ಪೆಟ್ಟಿಗೆಗೆ ನೂರಕ್ಕೆ ನೂರು ಬರುತ್ತಿದ್ದಾಗ ಹೃದಯ ಮೆಲ್ಲಗೆ ಊದಿಕೊಳ್ಳುತ್ತಿತ್ತು. ತಂತಿ ಇದ್ದದ್ದು ಬಲಗಡೆಯ ಮುಂಭಾಗದಲ್ಲಿ. ಎದೆ ಬಿಚ್ಚಿದರೆ ಮೊದಲು ಕೈಗೆ ಸಿಗುವ ಜಾಗ ಅದು. ಅಲ್ಲಿಂದ ಹೊರಟ ಮಿಡಿತಕ್ಕೆ ಬಲಗಡೆ ಮೊದಲು ಹಿಂಡಿ, ಎಡಗಡೆ ತಡವಾಗಿ ಹಿಂಡುತ್ತಿತ್ತು. ದಿನಕ್ಕೆ ಲಕ್ಷ ಸಲ, ಒಂಬತ್ತು ವರ್ಷ. ಸ್ಕೂಲಿನ ಮೆಟ್ಟಿಲು ಹತ್ತುವಾಗ ಹುಡುಗಿ ಕೂತುಬಿಟ್ಟ ದಿನವೇ ಎಲ್ಲರಿಗೂ ಗೊತ್ತಾಗಿದ್ದು. ತಂತಿಯನ್ನು ಎಡಗಡೆಗೆ ಬದಲಾಯಿಸಲು ದಿನ ಗೊತ್ತು ಮಾಡಿದರು. ಆ ದಿನ ಬರುವ ಮುಂಚೆ ಜ್ವರ ಬಂತು, ಜ್ವರದ ಐದನೇ ದಿನ ಅವಳು ಹೋದಳು.

ತಿಂಗಳಾದ ಮೇಲೆ ಅಪ್ಪ ಒಮ್ಮೆ ಬಂದಿದ್ದ. ಜಗಳಕ್ಕಲ್ಲ. ಪುಸ್ತಕ ವಾಪಸು ಕೊಡಬೇಕೇನೋ ಅಂದುಕೊಂಡು ಬಂದಿದ್ದ. ಪ್ಲಾಸ್ಟಿಕ್ ಕವರಿನಿಂದ ತೆಗೆದು, ಹಾಳೆ ತಿರುವಿ, "ಹದಿನೆಂಟು ಸೀಲಿದೆ ಅಕ್ಕ. ಎಲ್ಲದರಲ್ಲೂ ಸರಿಯಿದೆ ಅಂತಲೇ ಇದೆಯಲ್ಲ?" ಎಂದು ಕೇಳಿದ. ನಿಜವಾಗಿಯೂ ಅರ್ಥವಾಗದೆ ಕೇಳಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಈಗ ಬೆಳಗಿನ ಎಂಟು ಗಂಟೆ. ಇನ್ನು ಅರ್ಧ ಗಂಟೆಯಲ್ಲಿ ಆಪರೇಷನ್ ಥಿಯೇಟರಿನಲ್ಲಿರಬೇಕು. ಹುಟ್ಟಿ ಆರು ದಿನವಾದ ಕೂಸಿಗೆ ಪೆಟ್ಟಿಗೆ ಇಡಬೇಕಿತ್ತು. ಅವಳು ಮಿಷನ್ನನ್ನು ತಳ್ಳುಗಾಡಿಗೇರಿಸಿ, ಡ್ರಾಯರಿಗೆ ಬೀಗ ಹಾಕಿದಳು. ಬೀಗ ಹಾಕಿದರೆ ಮಿಡಿತ ನಿಲ್ಲುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಹಿಂದಿನ ದಿನ ಇದೇ ಕೂಸಿನ ವಿಷಯಕ್ಕೆ ಮೀಟಿಂಗಿನಲ್ಲಿ ಮಾತು ನಡೆದಿತ್ತು. ಸ್ಕ್ಯಾನ್ ಮಾಡುವ ಡಾಕ್ಟರಮ್ಮ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರದ ಹುಡುಗಿ, ಪಟ್ಟು ಹಿಡಿದು ಕೂತಿದ್ದಳು.

"ಎಡಗಡೆ ತುದೀಲಿ ಹಾಕಿದ್ರೆ ಹೃದಯ ಒಟ್ಟಿಗೆ ಹಿಂಡುತ್ತೆ ಸರ್. ಮುಂದೆ ಊದಿಕೊಳ್ಳೋ ಭಯ ಕಡಿಮೆ."

"ಗೊತ್ತಮ್ಮಾ, ಗೊತ್ತು," ಎಂದರು ದೊಡ್ಡ ಡಾಕ್ಟರು. "ಎರಡು ಕೇಜಿ ಮುನ್ನೂರು ಗ್ರಾಂ ಕೂಸು. ಆ ತುದಿ ಕಾಣಬೇಕಾದ್ರೆ ಹೃದಯಾನ ಎತ್ತಿ ಹಿಡೀಬೇಕು. ಎತ್ತಿದಾಗ ಅದು ಮುನಿಸಿಕೊಂಡು ನಿಂತ್ರೆ? ಟೇಬಲ್ ಮೇಲೆ ನೋಡೋಣ ಬಿಡಿ."

ಟೇಬಲ್ ಮೇಲೆ ನೋಡೋಣ ಅಂದರೆ ಏನರ್ಥ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲು ಬಲಗಡೆ ಅಳೆಯುತ್ತಾರೆ, ನಂಬರ್ ಚೆನ್ನಾಗಿ ಬರುತ್ತದೆ, ಕೂಸಿನ ಸ್ಥಿತಿ ನಾಜೂಕಾಗಿರುತ್ತದೆ, ಅಲ್ಲೇ ಹೊಲಿಯುತ್ತಾರೆ. ಸೆಂಚುರಿಯ ಹೆಸರನ್ನು ಯಾರೂ ಎತ್ತಲಿಲ್ಲ. ಅಕ್ಕನಿಗೆ ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಮೀಟಿಂಗಿನಲ್ಲಿ ಅವಳ ಕೆಲಸ ಯಾವ ಸೈಜಿನ ಪೆಟ್ಟಿಗೆ ಕಪಾಟಿನಲ್ಲಿದೆ ಅಂತ ಹೇಳುವುದು. ಅದನ್ನಷ್ಟೇ ಹೇಳಿದಳು.

ಥಿಯೇಟರಿನ ಬಾಗಿಲಲ್ಲಿ ಕೂಸಿನ ತಾಯಿ ಗೋಡೆಗೊರಗಿ ಕೂತಿದ್ದಳು. ಹೆರಿಗೆಯಾದ ಮೈ, ಕಾಲು ಊದಿತ್ತು. ಪಕ್ಕದಲ್ಲಿ ಅವಳ ಅತ್ತೆ, ತಳ್ಳುಗಾಡಿಯ ಚಕ್ರದ ಸದ್ದು ಕೇಳಿದ್ದೇ ಎದ್ದು ಅಡ್ಡ ನಿಂತಳು.

"ಇದೇನಾ ನಮ್ಮ ಕೂಸಿನೊಳಗೆ ಇಡೋದು? ಇಷ್ಟು ದೊಡ್ಡದಾ?"

"ಅಯ್ಯೋ ಅಜ್ಜಿ, ಇದು ಅಳೆಯೋ ಮಿಷನ್ನು. ಇಡೋದು ಇಷ್ಟೇ ಇಷ್ಟು," ಎಂದು ಅಕ್ಕ ಎರಡು ಬೆರಳು ಅಗಲಿಸಿ ತೋರಿಸಿದಳು.

"ನಾನೂ ಅದೇ ಅಂದ್ಕೊಂಡೆ. ಫ್ರಿಜ್ಜಿನಷ್ಟಿದೆ, ಕೂಸೇ ಅದರೊಳಗೆ ಹೋಗುತ್ತೇನೋ ಅಂತ," ಎಂದಳು ಮುದುಕಿ, ನಗದೆ.

ತಾಯಿ ಮಾತ್ರ ತಲೆ ಎತ್ತಿ, "ಒಳ್ಳೆ ಜಾಗದಲ್ಲಿ ಇಡ್ತಾರಲ್ವಾ ಅಕ್ಕ?" ಎಂದು ಕೇಳಿದಳು. ಏನನ್ನೂ ತಿಳಿದು ಕೇಳಿದ್ದಲ್ಲ. ಮನೆಗೆ ತಂದ ಸಾಮಾನನ್ನು ಎಲ್ಲಿಡುತ್ತೀರಿ ಅಂತ ಕೇಳಿದ ಹಾಗಿತ್ತು. ಅಕ್ಕ ಹೂಂ ಎಂದು ಗಾಡಿ ತಳ್ಳಿಕೊಂಡು ಒಳಗೆ ಹೋದಳು. 

ಎದೆಯ ಕೆಳಭಾಗದಲ್ಲಿ ಮೂರು ಬೆರಳಗಲ ಬಿಚ್ಚಿದ್ದರು. ಒಳಗೆ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ ಹೃದಯ, ನಿಮಿಷಕ್ಕೆ ನಲವತ್ತಾರು, ಒಂದೊಂದು ಬಡಿತಕ್ಕೂ ಯೋಚನೆ ಮಾಡುತ್ತಿತ್ತು. ದೊಡ್ಡ ಡಾಕ್ಟರು ತಂತಿಯ ತುದಿಯನ್ನು ಬಲಗಡೆಗೆ ಒತ್ತಿ ಹಿಡಿದರು. ಅಕ್ಕ ಮಿಷನ್ನಿನಿಂದ ಕರೆಂಟು ಕೊಟ್ಟಳು. ತಕ್ಷಣ ಬಡಿತ ನೂರಿಪ್ಪತ್ತಕ್ಕೇರಿತು. ಅರಿವಳಿಕೆ ಡಾಕ್ಟರು ಹಾಯ್ ಎಂದು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಅವಳು ಗುಂಡಿಯನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದಳು. "ಒಂದಕ್ಕೆ ಹಿಡೀತಿದೆ. ಪಾಯಿಂಟ್ ಎಂಟಕ್ಕೆ ಹಿಡೀತಿದೆ. ಆರು, ಹಿಡೀತಿದೆ. ಐದು, ಹಿಡೀತಿದೆ. ನಾಲ್ಕು..." ಬಡಿತ ಬಿಟ್ಟುಹೋಯಿತು. ಸರಕ್ಕನೆ ಮೇಲೇರಿಸಿದಳು. "ನಾಲ್ಕಕ್ಕೆ ಬಿಡ್ತು."

"ನಂಬರ್ ಹೇಳಿ ಅಕ್ಕ."

"ಪಾಯಿಂಟ್ ಐದು."

"ಬಂಗಾರದಂಥಾ ಜಾಗ," ಎಂದರು ದೊಡ್ಡ ಡಾಕ್ಟರು, ಸೂಜಿಗೆ ಕೈ ಚಾಚುತ್ತ.

ಹತ್ತು ವರ್ಷದ ಹಿಂದೆ, ಇದೇ ಟೇಬಲ್ಲಿನಲ್ಲಿ, ಇದೇ ಮಾತನ್ನೇ ಅಂದಿದ್ದರು. ಆಗ ಅಕ್ಕನಿಗೆ ಅದು ಹಾಡಿನಂತೆ ಕೇಳಿತ್ತು. ಈಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲ ಅಂತ ಗೊತ್ತಿತ್ತು. ಆದರೂ, ಲಂಗ ಸರಿಸಿಕೊಂಡು ಕಾಯುವ ಹುಡುಗಿಯ ಆ ತಾಳ್ಮೆಯಿಲ್ಲದ ಉಸಿರು ಅವಳಿಗೆ ಕೇಳುತ್ತಲೇ ಇತ್ತು. ಎಷ್ಟು ಮಾರ್ಕ್ಸು? ಎಷ್ಟು ಮಾರ್ಕ್ಸು ಅಕ್ಕ?

ಥಿಯೇಟರಿನಲ್ಲಿ ಅವಳಿಗೆ ನಂಬರ್ ಬಿಟ್ಟು ಬೇರೆ ಮಾತಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಡಾಕ್ಟರರ ಕೆಲಸದಲ್ಲಿ ಮೂಗು ತೂರಿಸಿದವಳಲ್ಲ. ಸುಳ್ಳು ನಂಬರ್ ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಪಾಯಿಂಟ್ ಐದು ಅಲ್ಲ ಸರ್, ಪೂರ್ತಿ ಮೂರು ಅಂತ ಅಂದುಬಿಟ್ಟರೆ ಅವರಾಗಿಯೇ ಜಾಗ ಬದಲಾಯಿಸುತ್ತಾರೆ. ಆದರೆ ಒಂದು ಸಲ ಸುಳ್ಳು ಹೇಳಿದ ನಾಲಿಗೆಯ ನಂಬರನ್ನು ಮುಂದೆ ಅವಳೇ ನಂಬಲಾರಳು.

"ಸೆಂಚುರಿದೂ ಪಾಯಿಂಟ್ ಐದೇ ಇತ್ತು ಸರ್," ಎಂದಳು.

ಸೂಜಿ ಕೊಡಲು ಚಾಚಿದ್ದ ನರ್ಸಿನ ಕೈ ಅಲ್ಲೇ ನಿಂತಿತು. ದೊಡ್ಡ ಡಾಕ್ಟರು ತಲೆ ಎತ್ತಲಿಲ್ಲ.

"ಏನಂದ್ರಿ?"

"ಅವಳದ್ದೂ ಇದೇ ಜಾಗ, ಇದೇ ನಂಬರ್. ಹದಿನೆಂಟು ಸಲ ನಾನೇ ಸೀಲು ಒತ್ತಿದೀನಿ. ಒಂದು ಸಲವೂ ನಂಬರ್ ಕೆಟ್ಟಿರಲಿಲ್ಲ."  ಅಷ್ಟಕ್ಕೇ ನಿಲ್ಲಿಸಿದಳು.

 ಹೊರಗೆ ಕಳಿಸುತ್ತಾರೆ ಅಂದುಕೊಂಡಳು. ಕಳಿಸಿದರೆ ಹೋಗುವುದೇ ಸರಿ ಅಂತಲೂ ಅಂದುಕೊಂಡಳು.

"ನನಗೆ ನೆನಪಿಲ್ಲ ಅಂದ್ಕೊಂಡ್ರಾ ಅಕ್ಕ?" ಎಂದರು ದೊಡ್ಡ ಡಾಕ್ಟರು, ಬಹಳ ಮೆಲ್ಲಗೆ. ಮಾಸ್ಕಿನ ಮೇಲಿನ ಕಣ್ಣು ಹೃದಯವನ್ನೇ ನೋಡುತ್ತಿತ್ತು. ಆಮೇಲೆ ಅವರ ದನಿ ಎಂದಿನಂತಾಯಿತು. "ಬಲಗಡೆಗೆ ತಾತ್ಕಾಲಿಕ ತಂತಿ ಹಾಕ್ತೀನಿ, ಅದರಿಂದ ನಡೆಸ್ತಾ ಇರಿ. ನಾನು ಎತ್ತುತೀನಿ. ಬಡಿತ ಬಿಟ್ಟ ಕೂಡಲೇ ಕೂಗಬೇಕು. ಗೊತ್ತಾಯ್ತಾ?"

ಸೀಳನ್ನು ಒಂದು ಬೆರಳು ಹೆಚ್ಚಿಸಿದರು. ಎರಡು ಬೆರಳಿನಿಂದ ಹೃದಯವನ್ನು ಎತ್ತಿ ಓರೆ ಮಾಡಿದರು. ಎಡಗಡೆಯ ತುದಿ ಕಾಣಿಸುವಷ್ಟರಲ್ಲಿ, "ಬೀಪಿ ಇಳೀತಿದೆ ಸರ್," ಎಂದರು ಅರಿವಳಿಕೆಯವರು. ತಂತಿ ಒತ್ತಿದರು. ಅಕ್ಕ ಅಳೆದಳು.

"ಎರಡೂವರೆ."

"ಛೆ."

"ಬೀಪಿ ನಲವತ್ತು ಸರ್. ಬಿಡಿ."

ಹೃದಯವನ್ನು ಕೆಳಗಿಳಿಸಿ, ಬಿಸಿ ಬಟ್ಟೆ ಮುಚ್ಚಿ ಕಾದರು. ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅಕ್ಕ ತನ್ನನ್ನು ತಾನು ಶಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬಂಗಾರದಂಥ ಜಾಗ ಬಿಡಿಸಿ, ಸಿಗದ ಜಾಗಕ್ಕೆ ಕೂಸನ್ನು ದೂಡಿದ್ದು ಯಾರು? ಸತ್ತವಳ ಮಾತು ಕೇಳಿ ಬದುಕಿರುವುದನ್ನು ಕೊಂದೆನೇ?  ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ.

ಎರಡನೇ ಸಲ ಎತ್ತಿದರು. ಅಕ್ಕಿಕಾಳಿನಷ್ಟು ಈಚೆಗೆ ಸರಿಸಿ ಒತ್ತಿದರು.

"ಎರಡಕ್ಕೆ ಹಿಡೀತಿದೆ. ಒಂದೂಮುಕ್ಕಾಲು, ಹಿಡೀತಿದೆ. ಒಂದೂವರೆಗೆ ಬಿಡ್ತು. ಒಂದೂಮುಕ್ಕಾಲು ಸರ್."

"ಬ್ಯಾಟರಿ?"

"ಬೇಗ ತಿನ್ನುತ್ತೆ. ನಾಲ್ಕೈದು ವರ್ಷಕ್ಕೇ ಪೆಟ್ಟಿಗೆ ಬದಲಿಸಬೇಕು. ಮತ್ತೆ ಕೊಯ್ಯಬೇಕಾಗುತ್ತೆ."

"ಕೊಯ್ಯೋಣ," ಎಂದರು ದೊಡ್ಡ ಡಾಕ್ಟರು. ಅಲ್ಲೇ ಹೊಲಿದರು. ಮಗು ಬೆಳೆದಂತೆ ತಂತಿ ಹೃದಯಕ್ಕೆ ಉರುಳಾಗದ ಹಾಗೆ, ಉಳಿದ ಉದ್ದವನ್ನು ಪಕ್ಕಕ್ಕೆ ಸಡಿಲವಾಗಿ ಸುತ್ತಿಟ್ಟರು. ಅಷ್ಟು ಹೊತ್ತು ತೆಗೆದುಕೊಂಡು ಅವರು ತಂತಿ ಸುತ್ತಿದ್ದನ್ನು ಅಕ್ಕ ಎಂದೂ ನೋಡಿರಲಿಲ್ಲ.

ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತ, ಅವಳ ಕಡೆ ನೋಡದೆಯೇ ಕೇಳಿದರು. "ಅವಳ ಪೆಟ್ಟಿಗೆ ಕಂಪನಿಗೆ ಕಳಿಸಿಬಿಟ್ರಾ?"

"ಇಲ್ಲ ಸರ್."

"ಹೂಂ," ಎಂದರು. ತೊಳೆದ ಕೈಯನ್ನೇ ಮತ್ತೆ ತೊಳೆದರು.

ಒಂದೂವರೆ ವರ್ಷವಾಯಿತು. ದೊಡ್ಡ ಡಾಕ್ಟರು ನಿವೃತ್ತರಾದರು. ಹಸಿರು ಸೀಲು ಅಕ್ಕನ ಮೇಜಿನ ಮೇಲೇ ಇದೆ, ಆದರೆ ಮೂರನೇ ಮಹಡಿಯ ಸ್ಕ್ಯಾನಿನ ಚೀಟಿ ತಂದು ತೋರಿಸದೆ ಯಾರ ಪುಸ್ತಕದ ಮೇಲೂ ಬೀಳುವುದಿಲ್ಲ. ಸಾಲಿನಲ್ಲಿ ಕಾಯುವವರು ಅವಳಿಗೆ ಹಿಡಿಶಾಪ ಹಾಕುತ್ತಾರೆ. ಮೊದಲು ಎಷ್ಟು ಒಳ್ಳೆಯವಳಿದ್ದಳು, ಈಗ ಜಂಬ ಬಂದಿದೆ ಅನ್ನುತ್ತಾರೆ. ಅನ್ನಲಿ ಎಂದು ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಾಳೆ.

ಒಂದು ದಿನ ಆ ಕೂಸು ತನ್ನ ಕಾಲ ಮೇಲೆ ನಡೆದುಕೊಂಡೇ ಕೋಣೆಗೆ ಬಂತು. ನಡೆದುಕೊಂಡು ಅಂದರೆ, ಬಾಗಿಲು, ಕುರ್ಚಿ, ಅಜ್ಜಿಯ ಸೀರೆ, ಮೇಜಿನ ಕಾಲು, ಹೀಗೆ ಸಿಕ್ಕಿದ್ದನ್ನು ಹಿಡಿದುಕೊಂಡು. ಸ್ಕ್ಯಾನಿನ ಚೀಟಿ ಆಗಲೇ ತಾಯಿಯ ಕೈಯಲ್ಲಿತ್ತು. ಅಕ್ಕ ಮಿಷನ್ ಹಚ್ಚಿ ತಿರುಗುವಷ್ಟರಲ್ಲಿ ಕೂಸು ಡ್ರಾಯರನ್ನು ಎಳೆದು ಕೈ ಹಾಕಿತ್ತು. ಬೀಗ ಹಾಕುವುದನ್ನು ಈಚೆಗೆ ಅವಳು ಬಿಟ್ಟಿದ್ದಳು.

"ಏಯ್, ಬಿಡೋ ಕಳ್ಳ," ಎಂದಳು ಅಜ್ಜಿ. "ಮನೇಲೂ ಹೀಗೇ. ಒಂದು ಡಬ್ಬಿ ಇಡೋ ಹಾಗಿಲ್ಲ."

ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗವಚಿಕೊಂಡೇ ಕೂಸು ತಾಯಿಯ ತೊಡೆ ಏರಿತು. ಅಕ್ಕ ಅದರ ಅಂಗಿ ಸರಿಸಿ ಬಿಲ್ಲೆ ಇಟ್ಟಳು. ಚಕ್ರ ಎರಡು ಸುತ್ತು ತಿರುಗಿತು. ಪರದೆಯ ಮೇಲೆ ಸೆಂಚುರಿಯ ಹೆಸರು ಬಂತು.

"ಇದು ನಮ್ಮ ಮಗು ಹೆಸರಲ್ವಲ್ಲ?" ಎಂದಳು ತಾಯಿ, ಗಾಬರಿಯಿಂದ. "ಬೇರೆಯವರದು ಬಂದಿದೆ ಅಕ್ಕ."

"ಇಲ್ಲಿಗೆ ಬರ್ತಿದ್ದ ಒಬ್ಬ ಹುಡುಗೀದು," ಎಂದಳು ಅಕ್ಕ.  ಕೂಸಿನ ಕೈಯನ್ನು ಮೆಲ್ಲಗೆ ಹೊಟ್ಟೆಯಿಂದ ದೂರ ಸರಿಸಿ, ಬಿಲ್ಲೆಯನ್ನು ಮತ್ತೆ ಇಟ್ಟಳು. ಈ ಸಲ ಕೂಸಿನದೇ ಹೆಸರು ಬಂತು. ಅಳೆದಳು. ಒಂದೂಮುಕ್ಕಾಲಿದ್ದದ್ದು ಈಗ ಎರಡರ ಹತ್ತಿರ. ಬ್ಯಾಟರಿ ಮೂರು ವರ್ಷ.

"ಹೇಗಿದೆ?"

"ನಂಬರ್ ಅಷ್ಟಕ್ಕಷ್ಟೇ," ಎಂದಳು ಅಕ್ಕ. ತಾಯಿಯ ಮುಖ ಇಳಿಯಿತು. ಅಕ್ಕ ಸ್ಕ್ಯಾನಿನ ಚೀಟಿ ಬಿಚ್ಚಿ, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. "ಹೃದಯ ಚೆನ್ನಾಗಿದೆ. ಊತ ಇಲ್ಲ. ಎಲ್ಲಾ ಕಡೆ ಒಟ್ಟಿಗೇ ಹಿಂಡ್ತಿದೆ."

ಸೀಲು ಒತ್ತಿದಳು. ತಾಯಿ ಪುಸ್ತಕ ತೆಗೆದುಕೊಂಡು, ಕೂಸಿನ ಕೈಯಲ್ಲಿದ್ದ ಡಬ್ಬಿಯನ್ನು ಬಿಡಿಸಲು ನೋಡಿದಳು. ಅದು ಬಿಡಲಿಲ್ಲ. ಮುಚ್ಚಳ ಆಗಲೇ ಕಿತ್ತುಬಂದಿತ್ತು. ಒಳಗಿನ ಹೊಳೆಯುವ ಪೆಟ್ಟಿಗೆಯನ್ನು ತೆಗೆದು, ಆಚೀಚೆ ತಿರುಗಿಸಿ, ಫೋನು ಹಿಡಿಯುವವರ ಹಾಗೆ ಕಿವಿಗೆ ಒತ್ತಿಕೊಂಡಿತು.

"ಕೊಟ್ಟುಬಿಡು ಕಂದಾ, ಅಕ್ಕನಿಗೆ ಕೊಡು. ಅದರಲ್ಲೇನೂ ಕೇಳಿಸಲ್ಲ."

"ಇರಲಿ ಬಿಡಿ," ಎಂದಳು ಅಕ್ಕ.

ಕೂಸು ಆಡುತ್ತಿದ್ದ ಕಾಲನ್ನು ನಿಲ್ಲಿಸಿತು. ಬಾಯಿ ಅರ್ಧ ತೆರೆದುಕೊಂಡು, ಕಣ್ಣನ್ನು ಅಕ್ಕನ ಮುಖದ ಮೇಲೇ ನೆಟ್ಟು, ಉಸಿರು ಬಿಗಿಹಿಡಿದು ಕೇಳುತ್ತ ಕೂತಿತು.